ಎರಡೆಕರೆ ಡಾಂಬರು

ಬಸವಕಲ್ಯಾಣ ಹಾಗೂ ಹುಮನಾಬಾದ ತಾಲ್ಲೂಕುಗಳಲ್ಲಿರುವ ಸಮಸ್ತ ವಸ್ತುಗಳನ್ನು ಅವುಗಳ ಮೇಲ್ಮೈ ನೋಡಿಯೇ ವಿಂಗಡಿಸತಕ್ಕದ್ದು ಎಂಬ ಆದೇಶವು ಕಳೆದ ದೀಪಾವಳಿಯ ಮರುದಿನ ಜಾರಿಗೆ ಬಂದಿತು. ಗಿಡ ಗುರುತಿಸುವವರೂ ಎಲೆಯ ಮೇಲ್ಮೈ ನೋಡುತ್ತಾರೆ, ರಸ್ತೆ ಮಾಡುವವರೂ ಡಾಂಬರಿನ ಮೇಲ್ಮೈ ನೋಡುತ್ತಾರೆ. ಹೀಗಿರುವಾಗ ಎರಡು ಕಚೇರಿ, ಎರಡು ಜೀಪು, ಎರಡು ಯಂತ್ರ ಯಾಕೆ ಎಂದು ಮೇಲಿನವರಿಗೆ ಅನಿಸಿತು. ಮೇಲಿನವರಿಗೆ ಅನಿಸಿದ್ದು ಸಂಜೆಯೊಳಗೆ ಸಂಯುಕ್ತ ಮೇಲ್ಮೈ ಪರಿಶೀಲನಾ ಕಚೇರಿಯಾಯಿತು.

ಕಚೇರಿಯ ಯಂತ್ರ ಒಂದೇ. ಅದರ ಮುಳ್ಳನ್ನು ವಸ್ತುವಿನ ಮೇಲೆ ಎಳೆದರೆ ಎಷ್ಟು ಒರಟು ಎಂಬ ಅಂಕಿ ಬರುತ್ತದೆ. ಆ ಅಂಕಿಯನ್ನು ಕೋಷ್ಟಕದಲ್ಲಿ ಹುಡುಕಿದರೆ ವಸ್ತು ಯಾವುದೆಂದು ಗೊತ್ತಾಗುತ್ತದೆ. ಕೋಷ್ಟಕದ ರಸ್ತೆ ಭಾಗ ಬಂದಿದೆ. ಸಸ್ಯ ಭಾಗ ಇನ್ನೂ ಅಚ್ಚಿನಲ್ಲಿದೆ. ನಿಯಮ ಏಳರ ಪ್ರಕಾರ ವಸ್ತುವನ್ನು ಮೂಸುವುದು, ತಿಂದು ನೋಡುವುದು, ಕಿತ್ತು ಬೇರು ನೋಡುವುದು ಹಾಗೂ ಬೆಳೆದವರನ್ನು ವಿಚಾರಿಸುವುದು ನಿಷಿದ್ಧ.

ರಾಜೇಶ್ವರದ ಕಮಳಾಬಾಯಿಗೆ ಇರುವುದು ಎರಡೆಕರೆ. ತೊಗರಿ ಕೊಯ್ಲಿಗೆ ಬಂದಿತ್ತು. ಆ ತೊಗರಿಯೇ ಆಕೆಯ ಮನೆಯ ಇಡೀ ವರ್ಷ. ಮೇಲ್ಮೈ ಪ್ರಮಾಣಪತ್ರವಿಲ್ಲದ ಒಂದು ಕಾಳನ್ನೂ ಮುಟ್ಟುವುದಿಲ್ಲ ಎಂದು ಖರೀದಿ ಕೇಂದ್ರದವರು ಹೇಳಿದ್ದರಿಂದ ಆಕೆ ಅರ್ಜಿ ಹಾಕಿದಳು. ಸಹಾಯಕ ಎಂಜಿನಿಯರ್ ಕಲ್ಲಿನಾಥರು ಬಂದು, ಒಂದು ಎಲೆಯ ಮೇಲೆ ಮುಳ್ಳು ಎಳೆದು, ಕೋಷ್ಟಕ ನೋಡಿ ಬರೆದರು: ಎರಡನೇ ದರ್ಜೆಯ ಡಾಂಬರು ರಸ್ತೆ. ಸ್ಥಿತಿ ತೃಪ್ತಿಕರ.

"ಸಾಹೇಬ್ರೆ, ಇದು ತೊಗರಿ ಅದರಿ," ಎಂದಳು ಕಮಳಾಬಾಯಿ.

"ನೀವು ಬೆಳೆದವರು. ನಿಮ್ಮನ್ನ ಕೇಳಂಗಿಲ್ಲ ಅಂತ ನಿಯಮ ಅದ," ಎಂದು ಕಲ್ಲಿನಾಥರು ಶಾಂತವಾಗಿ ಹೇಳಿದರು.

ಆಕೆಯ ಮಗಳು ಪೂನಂ ಬಸವಕಲ್ಯಾಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ತೊಗರಿ ಎಲೆಯ ಮೇಲೆ ಸಣ್ಣ ಸಣ್ಣ ರೋಮಗಳಿರುತ್ತವೆ, ಮುಳ್ಳಿಗೆ ತಗುಲಿದ್ದು ಅವೇ, ಅಂಥ ರೋಮಗಳಿಂದಲೇ ಗಿಡದ ಜಾತಿ ಗುರುತಿಸುತ್ತಾರೆ ಎಂದು ಪುಸ್ತಕ ತಂದು ವಾದಿಸಿದಳು. ಕಲ್ಲಿನಾಥರು ಪುಸ್ತಕದ ರಟ್ಟಿನ ಮೇಲೆ ಯಂತ್ರ ಎಳೆದರು. ಅದು ಸಿಮೆಂಟ್ ಚರಂಡಿಯ ಮುಚ್ಚಳವೆಂದು ತಿಳಿದುಬಂದಿದ್ದರಿಂದ, ಒಳಗೆ ಬರೆದದ್ದನ್ನು ಓದುವ ಅಗತ್ಯ ಬೀಳಲಿಲ್ಲ.

ಈ ಸುದ್ದಿಯಿಂದ ಅತ್ಯಂತ ಸಂತೋಷಪಟ್ಟವರು ಹುಮನಾಬಾದಿನ ಗುತ್ತಿಗೆದಾರ ಧನರಾಜ. ರಾಜೇಶ್ವರಕ್ಕೆ ರಸ್ತೆ ಮಾಡುವ ಗುತ್ತಿಗೆ ಹಿಡಿದು ಮೂರು ವರ್ಷವಾಗಿತ್ತು. ಒಂದು ಬುಟ್ಟಿ ಜಲ್ಲಿಯನ್ನೂ ಸುರಿದಿರಲಿಲ್ಲ. ತೃಪ್ತಿಕರ ಸ್ಥಿತಿಯ ರಸ್ತೆ ಸರ್ಕಾರದ ಕಾಗದದಲ್ಲೇ ಸಿಕ್ಕಿದ್ದರಿಂದ, ಅದು ತಮ್ಮದೇ ಎಂದು ಕಾಮಗಾರಿ ಪೂರ್ಣಗೊಂಡ ವರದಿ ಸಲ್ಲಿಸಿದರು. ಮೂರನೆಯ ದಿನ ಪಂಚಾಯಿತಿ ಗೋಡೆಗೆ ಕಚೇರಿಯ ಪ್ರಕಟಣೆ ಬಿತ್ತು:

"ರಾಜೇಶ್ವರದ ನೂತನ ರಸ್ತೆಯ ಮೇಲೆ ತೊಗರಿಯು ಅನಧಿಕೃತವಾಗಿ ನಿಂತಿರುವುದು ಗಮನಕ್ಕೆ ಬಂದಿದೆ. ಸದರಿ ಅಡಚಣೆಯನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತೆರವಿನಲ್ಲಿ ದೊರೆತ ಸಾಮಗ್ರಿಯು ಗುತ್ತಿಗೆದಾರರಿಗೆ ಸೇರತಕ್ಕದ್ದು."

ಪೂನಂ ಕಚೇರಿಗೆ ಓಡಿದಳು. ಅಡಚಣೆ ತೊಗರಿ ಎಂದು ನೀವೇ ಬರೆದಿದ್ದೀರಿ, ಹೇಗೆ ಗೊತ್ತಾಯಿತು ಎಂದು ಕೇಳಿದಳು. ಧನರಾಜ ಅವರು ಹೇಳಿದರು ಎಂದು ಕಲ್ಲಿನಾಥರು ಉತ್ತರಿಸಿದರು. ಧನರಾಜ ಅದನ್ನು ಬೆಳೆದವರಲ್ಲವಾದ್ದರಿಂದ ಅವರನ್ನು ವಿಚಾರಿಸಲು ನಿಯಮದ ಅಡ್ಡಿ ಇರಲಿಲ್ಲ.

ತೆರವಿನ ಕೆಲಸಕ್ಕೆ ಅನುಭವಿಗಳು ಬೇಕೆಂದು ಕಮಳಾಬಾಯಿಯನ್ನೇ ದಿನಗೂಲಿಗೆ ಕರೆದರು. ಬೇರೆಯವರ ಕೈಯಲ್ಲಿ ಕಾಳು ಉದುರಿ ಹಾಳಾದೀತೆಂದು ಆಕೆ ಹೋದಳು. ಕೊಯ್ದಳು, ಬಡಿದಳು, ತೂರಿದಳು. ಹದಿನಾಲ್ಕು ಚೀಲವಾಯಿತು. ಹದಿಮೂರು ಟ್ರ್ಯಾಕ್ಟರ್ ಏರಿದ ಮೇಲೆ ಕೊನೆಯದರ ಮೇಲೆ ಕೈಯಿಟ್ಟು ನಿಂತಳು.

"ನಾ ಬಿತ್ತೀನಿ, ನಾ ಕೊಯ್ದೀನಿ. ಇದೊಂದು ಚೀಲರ ಬಿಡ್ರಿ. ಮನ್ಯಾಗ ಬ್ಯಾಳಿ ಇಲ್ಲ."

"ಸರ್ಕಾರಿ ರಸ್ತಾದ ಮಾಲ ಅದ ಅಕ್ಕ, ಹ್ಯಾಂಗ ಬಿಡಲಿ?" ಎಂದು ಧನರಾಜ ಆಕೆಯ ಕೈ ಸರಿಸಿ ಚೀಲ ಎತ್ತಿಸಿದರು. ಖರೀದಿ ಕೇಂದ್ರದಲ್ಲಿ ಹದಿನಾಲ್ಕಕ್ಕೂ ಸರ್ಕಾರಿ ರಸ್ತೆಯ ಸಾಮಗ್ರಿಯೆಂದು ಒಂದೇ ಉಸಿರಿನಲ್ಲಿ ಮೇಲ್ಮೈ ಪ್ರಮಾಣಪತ್ರ ಸಿಕ್ಕಿತು. ನಾಚಿಕೆಗೆ ನಮೂನೆಯಲ್ಲಿ ಕಾಲಂ ಇಲ್ಲ. ಇದ್ದಿದ್ದರೆ ಈ ಜನ ಅದನ್ನೂ 'ಅನ್ವಯಿಸುವುದಿಲ್ಲ' ಎಂದೇ ತುಂಬುತ್ತಿದ್ದರು.

ಸಂಕ್ರಾಂತಿಯ ನಂತರ ಹುಮನಾಬಾದಿನ ಬಸ್ಸು ತೊಗರಿ ಕೂಳೆಗಳ ಮೇಲೆ ಓಡತೊಡಗಿತು. ಮೊದಲ ದಿನವೇ ಎರಡು ಟಯರು ಪಂಕ್ಚರಾದವು. ಡಾಂಬರಿನ ಸಹಜ ಒರಟುತನ ಎಂದು ಕಚೇರಿ ದಾಖಲಿಸಿತು. ಪ್ರಯಾಣಿಕರು ಕಂಬಿ ಹಿಡಿದು ಕೂರುವುದನ್ನು ರೂಢಿಸಿಕೊಂಡರು. ಹೊಲದ ನಡುವಿನ ನಿಲ್ದಾಣಕ್ಕೆ ಧನರಾಜ ಕ್ರಾಸ್ ಎಂಬ ಬೋರ್ಡು ಬಂತು. ಬಸ್ಸು ಬಾಗಿಲಿಗೇ ಬರುವಾಗ ಇನ್ನೇನು ಬೇಕು, ಕಮಳಾಬಾಯಿಯ ನಶೀಬ ಚಲೋ ಇದೆ ಎಂದು ಊರಿನ ಹಿರಿಯರು ಮಾತಾಡಿಕೊಂಡರು.

ಕಳೆದ ವಾರ ಕಮಳಾಬಾಯಿ ಹುಮನಾಬಾದಿನಲ್ಲಿ ಕೂಲಿ ಮುಗಿಸಿ, ಕಾಲು ಕಿಲೋ ತೊಗರಿಬೇಳೆ ಕೊಂಡು ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ. ಆಕೆ ಬೇಳೆಯ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು.

"ಲಗೂ ಹೇಳ್ರಿ ಅಕ್ಕ. ಹೆಣ್ಮಕ್ಕಳಿಗಿ ಟಿಕೀಟ್ ಫುಕಟ್ ಅದ, ರೊಕ್ಕ ಇಲ್ಲ."

"ಧನರಾಜ ಕ್ರಾಸ್ ಒಂದು ಕೊಡ್ರಿ," ಎಂದು ಕಮಳಾಬಾಯಿ ಕೈ ಚಾಚಿದಳು.