ಸ್ವಲ್ಪ ದಡ್ಡ ಸೌತೆಬೀಜ ಬೇಕಾಗಿದೆ

ಪ್ರಾಂತೀಯ ತರಕಾರಿ ಬೀಜ ಕಂಪನಿಯ ಮಾನ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಗೋದಾಮಿನ ಸಕಲ ಬೀಜಗಳೂ ತೇವ ತಾಗದೆ, ಇಲಿ ಮುಟ್ಟದೆ ಕ್ಷೇಮವಾಗಿರುವಿರೆಂದು ನಂಬಿ, ಮುಖ್ಯರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದಾಗಲೆಲ್ಲ ತಾವು ಮುಂದಿನ ಹಂಗಾಮಿನ ಬಣ್ಣದ ಕ್ಯಾಟಲಾಗನ್ನೇ ಉತ್ತರವಾಗಿ ಕಳಿಸಿದ್ದೀರಿ. ಅದರ ಮುಖಪುಟದ ಸೌತೆಕಾಯಿ ಬಹಳ ಚೆನ್ನಾಗಿದೆ, ಎಲ್ಲರಿಗೂ ಕಾಣುವಂತೆ ನಿಂತಿದೆ. ನನ್ನ ದೂರು ಇರುವುದೂ ಈ ಕಾಣುವ ವಿಷಯದಲ್ಲೇ.

ತಮ್ಮ ಬೀಜ ಮೊಳೆಯಲಿಲ್ಲವೆಂದು ಯಾರಾದರೂ ಹೇಳಿದರೆ ಅವರೊಂದಿಗೆ ಜಗಳಕ್ಕೆ ನಾನೇ ಮೊದಲು ನಿಲ್ಲುತ್ತೇನೆ. ಬಿತ್ತಿದ್ದೆಲ್ಲ ಮೊಳೆಯಿತು, ಬಿತ್ತುವಾಗ ಕೈಜಾರಿ ಮೆಟ್ಟಿಲ ಸಂದಿಗೆ ಬಿದ್ದದ್ದೂ ಮೊಳೆಯಿತು. ಬಳ್ಳಿ ತಂತಿ ಹತ್ತಿತು, ಹೂ ಬಿಟ್ಟಿತು, ಜೇನು ಬಂದು ಹೋಯಿತು. ಆಮೇಲೆ ಕಾಯಿ ಬಿಡಬೇಕಾದ ಕಾಲಕ್ಕೆ ಕಾಯಿ ಇರಲಿಲ್ಲ. ಹೀಗೆ ಹೇಳುವುದೂ ತಪ್ಪು. ಕಾಯಿ ಇತ್ತು, ಅಡಗಿ ಕೂತಿತ್ತು.

ಈ ಅಡಗುವಿಕೆಯಿಂದ ನಮ್ಮ ಮನೆಗೆ ಒದಗಿದ ಕಷ್ಟವನ್ನು ತಾವು ತಿಳಿಯಬೇಕಾದರೆ ಮನೆಯೊಡತಿಯ ಪರಿಚಯವಾಗಬೇಕು. ಅವರು ಮೇಲಿನ ಮಹಡಿಯಲ್ಲಿದ್ದಾರೆ, ನಾವು ಬಾಡಿಗೆಗೆ ಕೆಳಗಿದ್ದೇವೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ಮಣ್ಣಿದೆ. ಅದರ ಮೇಲೆ ಅವರ ಅಳಿಯನಿಗೆ ಕಣ್ಣು, ಅಲ್ಲಿ ಕಾರಿನ ಶೆಡ್ ಕಟ್ಟಬೇಕೆಂದು ಆಸೆ. ನಮಗೆ ಆ ಮಣ್ಣು ಬೇಕಾಗಿರುವುದು ನನ್ನ ಮಾವನ ಸಲುವಾಗಿ. ಆಯುಷ್ಯವೆಲ್ಲ ರೈಲು ಓಡಿಸಿ ನಿವೃತ್ತರಾದ ಮೇಲೆ ಅವರು ಕುರ್ಚಿಯಿಂದ ಏಳಲು ಕಾರಣವೇ ಇಲ್ಲವೆಂಬಂತೆ ಕೂತುಬಿಟ್ಟಿದ್ದರು. ಆ ಪಟ್ಟಿಯಲ್ಲಿ ಬೀಜ ಹಾಕಿದ ದಿನದಿಂದ ಬೆಳಗಾದರೆ ಟೋಪಿ ಇಟ್ಟುಕೊಂಡು ಹೊರಟು, ಬಳ್ಳಿಯ ಸಾಲನ್ನು ಹಳಿ ಪರೀಕ್ಷಿಸುವ ಹಾಗೆ ಈ ತುದಿಯಿಂದ ಆ ತುದಿಗೆ ನೋಡಿಕೊಂಡು ಬರುತ್ತಾರೆ. ಮನೆಯೊಡತಿ ಮಹಡಿಯಿಂದಲೇ ತೀರ್ಪು ಕೊಟ್ಟಿದ್ದರು: "ಬೇಸಿಗೆ ಮುಗಿಯೋದ್ರೊಳಗೆ ನನ್ನ ತಟ್ಟೆಗೆ ಒಂದು ಒಳ್ಳೇ ಸೌತೆಕಾಯಿ ಬೀಳ್ಲಿ, ಜಾಗ ನಿಮ್ದು. ಇಲ್ದಿದ್ರೆ ಅಳಿಯಂದ್ರ ಕಾರು ಬಂದು ನಿಲ್ಲುತ್ತೆ. ಆಮೇಲೆ ಮುಖ ಊದಿಸ್ಕೋಬೇಡಿ."

ಸ್ವಾಮಿ, ತಮ್ಮ ಸೌತೆಕಾಯಿಯ ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ. ಮೊದಮೊದಲು ಅದು ಎಲೆಯ ಹಿಂದೆ ಅಡಗುತ್ತಿತ್ತು. ಅದನ್ನು ನಾವು ಸಹಜವೆಂದೇ ತಿಳಿದೆವು. ಎಲೆ ಎತ್ತಿ ನೋಡುವುದನ್ನು ನಾವು ಕಲಿತ ಕೂಡಲೇ ಅದು ಎಲೆಯನ್ನು ಬಿಟ್ಟು ಮಳೆನೀರಿನ ಕೊಳವೆಯ ಹಿಂದಕ್ಕೆ ಹೋಯಿತು. ಅಲ್ಲಿಂದ ಮುಂದೆ ಒಂದು ಕಾಯಿ ನೀರು ಹಾಕುವ ಹಸಿರು ಕ್ಯಾನಿನೊಳಗೆ ಮೂತಿ ತೂರಿಸಿ ಬೆಳೆಯಿತು, ಇನ್ನೊಂದು ಮಾವನ ರಬ್ಬರ್ ಬೂಟಿನೊಳಗೆ ಬೆಳೆದು ಅವರು ಕಾಲು ಹಾಕುವವರೆಗೂ ಉಸಿರೆತ್ತಲಿಲ್ಲ. ಮತ್ತೊಂದು ಮನೆಯೊಡತಿ ಒಣಗಲು ಹಾಕಿದ್ದ ದಿಂಬಿನ ಕವರಿನೊಳಗೆ ಇಳಿದು, ಮಡಿಸುವಾಗ ಸಿಕ್ಕಿತು. ಅವರು ಮಹಡಿಯಿಂದ ಬಗ್ಗಿ, "ಊರಿನವರಿಗೆಲ್ಲ ಕಣ್ಣು ಪರೀಕ್ಷೆ ಮಾಡ್ತೀರಿ, ನಿಮ್ಮ ಕಾಯಿ ನನ್ನ ದಿಂಬಿನಲ್ಲಿದ್ರೂ ಕಾಣಲ್ವಲ್ಲ" ಎಂದರು. ಮರುದಿನ ನಾನು ಅಂಗಡಿಯಲ್ಲಿ ನನ್ನ ಕಣ್ಣನ್ನೇ ಪರೀಕ್ಷಿಸಿಕೊಂಡೆ. ಕೊನೆಯ ಸಾಲಿನ ಸಣ್ಣಕ್ಷರದವರೆಗೂ ಸ್ಪಷ್ಟವಾಗಿ ಓದಿದೆ. ಮನೆಗೆ ಬಂದರೆ ಅಂಚೆ ಡಬ್ಬಿಯಲ್ಲಿ ತಮ್ಮ ಕ್ಯಾಟಲಾಗಿತ್ತು, ಅದರ ಕೆಳಗೆ ಒಂದು ಸೌತೆಕಾಯಿ ಮಲಗಿತ್ತು.

ಹೀಗೆ ಸಿಕ್ಕ ಕಾಯಿಗಳೆಲ್ಲ ಬಲಿತು ಹಳದಿಯಾಗಿ, ತೊಗಲು ಗಟ್ಟಿಯಾಗಿ, ವಿಷದಂತೆ ಕಹಿಯಾಗಿದ್ದವು. ಎದುರು ಮನೆಯ ದರ್ಜಿಯ ಮೇಕೆಗೆ ಒಂದನ್ನು ಕೊಟ್ಟೆ. ಅದು ಮೂಸಿ ನೋಡಿ, ನನ್ನಿಂದ ಇಂಥದ್ದನ್ನು ನಿರೀಕ್ಷಿಸಿರಲಿಲ್ಲವೆಂಬಂತೆ ಮುಖ ತಿರುಗಿಸಿತು. ತಮ್ಮ ಕಚೇರಿಗೆ ಫೋನು ಮಾಡಿದಾಗ ಅಲ್ಲಿನ ಮೇಡಂ ತುಂಬ ಸಮಾಧಾನದಿಂದ, "ಹೊರಗಿನ ಬೀಜ ಅಲ್ಲ ಸರ್, ನಿಮ್ಮಂಥ ಗ್ರಾಹಕರೇ ಬೆಳೆದು ವಾಪಸ್ ಕೊಟ್ಟಿದ್ದು. ಈ ಮಣ್ಣಿನ ಗುಣ ಪೂರ್ತಿ ಗೊತ್ತು ಅದಕ್ಕೆ" ಎಂದರು. ಆ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು.

ತಮ್ಮ ಪೊಟ್ಟಣದ ಹಿಂದೆ ಅಚ್ಚಾಗಿರುವ ಆ ಸುಂದರ ನಿಯಮವನ್ನು ಓದುಗರ ಸಲುವಾಗಿ ಇಲ್ಲಿ ಹೇಳಬೇಕು. ಪ್ರತಿಯೊಬ್ಬ ಗ್ರಾಹಕನೂ ತನ್ನ ತೋಟದ ಅತ್ಯುತ್ತಮ ಕಾಯನ್ನು ಕೀಳದೆ ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಅದರ ಬೀಜವನ್ನು ಒಣಗಿಸಿ ಕಂಪನಿಗೆ ಮರಳಿಸಬೇಕು, ಕಂಪನಿ ಅದನ್ನೇ ಮುಂದಿನ ವರ್ಷ ಮತ್ತೊಬ್ಬರಿಗೆ ಮಾರುತ್ತದೆ. ನನಗೆ ತಮ್ಮ ಕಂಪನಿಯನ್ನು ಹೊಗಳಿ ಹೇಳಿದವನೇ ಆ ಎದುರು ಮನೆಯ ದರ್ಜಿ, ವರ್ಷ ವರ್ಷವೂ ತಪ್ಪದೆ ಬೀಜ ಮರಳಿಸುವ ನಿಷ್ಠಾವಂತ. ಹೋಗಿ ಕೇಳಿದೆ. ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ ಅವನು ಹೇಳಿದ್ದು ಇಷ್ಟು: "ಒಳ್ಳೇ ಕಾಯನ್ನ ಬಿಡೋದಾ? ಚೆನ್ನಾಗಿ ಹೇಳಿದ್ರಿ. ಅದನ್ನ ಮಕ್ಳು ಬಳ್ಳಿಯಲ್ಲೇ ಕಚ್ಚಿ ತಿಂದಿರ್ತಾವೆ. ಕೊನೇಲಿ ಯಾರ ಕಣ್ಣಿಗೂ ಬೀಳದೆ ಎಲ್ಲೋ ಹಣ್ಣಾಗಿ ಉಳಿದಿರುತ್ತಲ್ಲ ಒಂದು, ಅದರ ಬೀಜ ಕಳಿಸ್ತೀನಪ್ಪ. ಎಲ್ರೂ ಅದನ್ನೇ ಕಳಿಸೋದು."

ಮಾನ್ಯರೇ, ನಾನು ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟೆ. ಕಣ್ಣಿಗೆ ಬಿದ್ದ ಕಾಯಿ ತಟ್ಟೆ ಸೇರುತ್ತದೆ, ಸಿಹಿಯಾದ ಕಾಯಿ ಹೊಟ್ಟೆ ಸೇರುತ್ತದೆ, ಅಡಗಿದ್ದು ಮತ್ತು ಕಹಿಯಾದದ್ದು ಮಾತ್ರ ತಮ್ಮ ಲಕೋಟೆ ಸೇರುತ್ತದೆ. ಪ್ರಾಂತ್ಯದ ಸಮಸ್ತ ಕುಟುಂಬಗಳ ನಾವೆಲ್ಲರೂ ತಲೆಮಾರುಗಳಿಂದ ಒಂದಾಗಿ ದುಡಿದು, ಮನುಷ್ಯನ ಕೈಗೆ ಸಿಗಬಾರದೆಂಬ ಒಂದೇ ವಿದ್ಯೆಯಲ್ಲಿ ಪಳಗಿದ ಸೌತೆಕಾಯಿಯೊಂದನ್ನು ಸಿದ್ಧಪಡಿಸಿದ್ದೇವೆ. ಇದನ್ನು ತರಕಾರಿಯಾಗಿ ಮಾರುತ್ತಿರುವುದು ತಮ್ಮ ವಿನಯ. ಗೂಢಚಾರ ಇಲಾಖೆಯವರಿಗೆ ತೋರಿಸಿದ್ದರೆ ಅವರು ಇದಕ್ಕೆ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು.

ಈ ನಡುವೆ ಬೇಸಿಗೆ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಮಾವ ಹಿತ್ತಲಿನಿಂದ ಮೆಲ್ಲಗೆ ಕರೆದರು, "ಬಾ ಇಲ್ಲಿ. ಪಾಪ, ಇದಕ್ಕೆ ಅಡಗೋದು ಯಾರೂ ಹೇಳಿಕೊಟ್ಟಿಲ್ಲ." ಹೋಗಿ ನೋಡಿದರೆ ತಂತಿಯ ನಟ್ಟನಡುವೆ, ಹಾಡುಹಗಲಲ್ಲಿ, ಒಂದೂ ಎಲೆಯ ಮರೆಯಿಲ್ಲದೆ ಎಳೆಯ ಕಾಯೊಂದು ನೇರವಾಗಿ ತೂಗುತ್ತಿತ್ತು. ಇಡೀ ವಂಶದಲ್ಲಿ ಅದೊಂದೇ ದಡ್ಡ. ಮಾವನಿಗೆ ನಿಯಮವೆಂದರೆ ನಿಯಮ. "ಇದು ಬೀಜಕ್ಕೆ. ಇದು ಹಣ್ಣಾಗೋವರೆಗೂ ಯಾರೂ ಕೈ ಹಾಕೋ ಹಾಗಿಲ್ಲ" ಎಂದು ಕುರ್ಚಿಯನ್ನೇ ಅಲ್ಲಿಗೆ ಎಳೆದುಕೊಂಡು, ರೈಲಿನ ದಿನಗಳ ಹಳೆಯ ಕೆಂಪು ಬಾವುಟವನ್ನು ಬಳ್ಳಿಗೆ ಕಟ್ಟಿ ಕಾವಲು ಕೂತರು. ನಾನೂ ಒಪ್ಪಿದ್ದೆ. ಆ ಒಂದು ಕಾಯಿಯ ಬೀಜ ತಮ್ಮ ಕೈ ಸೇರಿದ್ದರೆ ಪ್ರಾಂತ್ಯದ ಸೌತೆಕಾಯಿಗೆ ಮತ್ತೆ ಒಳ್ಳೆಯ ಕಾಲ ಬರುತ್ತಿತ್ತು.

ಆದರೆ ಅದೇ ವಾರ ಮನೆಯೊಡತಿಯ ಅಳಿಯ ಅಳತೆಯ ಟೇಪು ಹಿಡಿದು ಬಂದ. ಅವನ ಹಿಂದೆ ಅತ್ತೆಯೂ ಇಳಿದು ಬಂದರು. ಅವನು ಟೇಪಿನ ಒಂದು ತುದಿಯನ್ನು ಕಾಂಪೌಂಡಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಮಾವನ ಕುರ್ಚಿಯ ಕಾಲಿನವರೆಗೆ ಎಳೆದು, "ಸ್ವಲ್ಪ ಏಳ್ತೀರಾ, ತಾತ" ಎಂದ. ಮಾವ ನನ್ನ ಮುಖ ನೋಡಿದರು. ಕಾಯನ್ನು ನೋಡಿದರು. ಎದ್ದರೆ ಆ ಜಾಗಕ್ಕೆ ಮತ್ತೆ ಬಂದು ಕೂರುವಂತಿಲ್ಲವೆಂದು ಅವರಿಗೆ ಗೊತ್ತಿತ್ತು. ಆಮೇಲೆ ತಾವೇ ಬಾವುಟವನ್ನು ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡು, "ಕಿತ್ತು ಕೊಡು ಮಗಳೇ" ಎಂದು ನನ್ನ ಹೆಂಡತಿಗೆ ಹೇಳಿದರು.

ಮನೆಯೊಡತಿ ಆ ಕಾಯನ್ನು ಉಪ್ಪು ಹಚ್ಚಿಕೊಂಡು, ನಿಂತಲ್ಲೇ, ತೊಟ್ಟಿನವರೆಗೂ ತಿಂದರು. ಅಳಿಯನಿಗೆ ಒಂದು ಹೋಳೂ ಕೊಡಲಿಲ್ಲ. ಬಾಯಿ ಒರೆಸಿಕೊಂಡು, "ಟೇಪು ಸುತ್ತಿ ಒಳಗಿಡಪ್ಪ" ಎಂದು ಅವನಿಗೆ ಹೇಳಿದರು. ನಮ್ಮ ಕಡೆ ತಿರುಗಿ ಹೇಳಿದ್ದು ಇದು: "ಜಾಗ ಇಟ್ಕೊಳ್ಳಿ. ಆದ್ರೆ ಬರೋ ವರ್ಷವೂ ನನಗೆ ಇಂಥದ್ದೇ ಬೇಕು. ದಿಂಬಿನಲ್ಲಿ ಸಿಕ್ಕಿತ್ತಲ್ಲ, ಅಂಥದ್ದಲ್ಲ."

ಎಳೆಗಾಯಿಯ ಎಳೆಬೀಜಗಳು ಅವರ ಹೊಟ್ಟೆ ಸೇರಿದವು. ನಮ್ಮಲ್ಲಿ ಉಳಿದಿರುವುದು ಬೂಟಿನ ಬೀಜ, ಕೊಳವೆಯ ಬೀಜ ಮತ್ತು ಅಂಚೆ ಡಬ್ಬಿಯ ಬೀಜ. ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಯೆಂದರೆ, ಮುಂದಿನ ಬಿತ್ತನೆಯೊಳಗೆ ನನಗೆ ಸ್ವಲ್ಪ ದಡ್ಡ ಬೀಜದ ಒಂದು ಪೊಟ್ಟಣವನ್ನು ಕಳಿಸಿಕೊಡಬೇಕು. ಬುದ್ಧಿ ತೀರ ಇಲ್ಲದಿದ್ದರೂ ಅಡ್ಡಿಯಿಲ್ಲ, ಕರೆದರೆ ಎದುರಿಗೆ ಬಂದು ನಿಲ್ಲುವ ಸ್ವಭಾವದ್ದಾದರೆ ಸಾಕು. ಅಂಥದ್ದು ಗೋದಾಮಿನಲ್ಲಿಲ್ಲದಿದ್ದರೆ ಪ್ರಾಂತ್ಯದ ಪ್ರತಿ ಮನೆಯ ಊಟದ ಮೇಜಿಗೂ ತಮ್ಮ ಒಬ್ಬೊಬ್ಬ ಪ್ರತಿನಿಧಿಯನ್ನು ಕಳಿಸಿ, ಒಳ್ಳೆಯ ಕಾಯಿ ಬಾಯಿಗೆ ಹೋಗುವ ಮೊದಲೇ ಕೈ ಹಿಡಿಸಬೇಕು. ನಮ್ಮ ಮನೆಗೆ ಬರುವವರು ಮೇಲಿನ ಮಹಡಿಯವರ ಕೈ ಹಿಡಿಯುವಷ್ಟು ಗಟ್ಟಿಗರಾಗಿರಲಿ. ಇದೂ ಆಗದಿದ್ದರೆ ಸೌತೆಕಾಯಿಗಳಿಗೇ ನೇರವಾಗಿ ಒಂದು ಸುತ್ತೋಲೆ ಹೊರಡಿಸಿ, ಯುದ್ಧ ಮುಗಿದಿದೆ, ಹೊರಗೆ ಬರಬಹುದು ಎಂದು ತಿಳಿಸಬೇಕಾಗಿ ವಿನಂತಿ.

ಬೆಳಗಾದರೆ ಟೋಪಿ ಇಟ್ಟುಕೊಂಡು ಹಿತ್ತಲಿಗೆ ಹೊರಡುವ ಒಬ್ಬರ ಪರವಾಗಿಯೂ,

ತಮ್ಮ ವಿಶ್ವಾಸಿ,
ಕಣ್ಣು ಚೆನ್ನಾಗಿಯೇ ಕಾಣುವ ಒಬ್ಬ ಗ್ರಾಹಕ

ತಾ.ಕ.: ಬೂಟಿನಲ್ಲಿ ಬೆಳೆದ ಕಾಯಿಯ ಬೀಜಗಳನ್ನು ನಿಯಮದಂತೆ ಒಣಗಿಸಿ, ಲಕೋಟೆಯ ಮೇಲೆ 'ನಮ್ಮ ತೋಟದ ಅತ್ಯುತ್ತಮ ಕಾಯಿ' ಎಂದು ಎಲ್ಲರಂತೆ ನಾನೂ ಬರೆದು ಇದರೊಂದಿಗೆ ಕಳಿಸಿದ್ದೇನೆ. ಮನೆಯೊಡತಿಯ ಅಳಿಯ ಅಂದಿನಿಂದ ಅಳತೆಯ ಟೇಪನ್ನು ಬದಿಗಿಟ್ಟು, ಬರುವ ವರ್ಷ ಅತ್ತೆಗೆ ತಾನೇ ಮಹಡಿಯ ಕುಂಡದಲ್ಲಿ ಸೌತೆಕಾಯಿ ಬೆಳೆದು ತಿನ್ನಿಸಿ, ಈ ಜಾಗವನ್ನು ಆ ದಾರಿಯಿಂದ ಗೆಲ್ಲುವೆನೆಂದು ಹೊರಟಿದ್ದಾನೆ. ಯಾವ ಕಂಪನಿಯ ಬೀಜವೆಂದು ಕೇಳಿದ, ತಮ್ಮ ವಿಳಾಸವನ್ನು ಸಂತೋಷದಿಂದ ಕೊಟ್ಟಿದ್ದೇನೆ. ಅವನ ಆರ್ಡರು ಬಂದಾಗ ದಯವಿಟ್ಟು ಈ ಲಕೋಟೆಯನ್ನೇ ಕಳಿಸಿ.