ಚಾರ್ಜರ್‌ಗಾಗಿ ಅರೆದ ಮೆಣಸಿನಕಾಯಿ

ಲ್ಯಾಪ್‌ಟಾಪ್ ತಾನಾಗಿ ಕೆಡುವುದು ಕಡಿಮೆ. ಜನ ಪ್ರೀತಿಯಿಂದ ಕೆಡಿಸುವುದೇ ಹೆಚ್ಚು. ತಿರುಪ್ಪೂರಿನಲ್ಲಿ ರಿಪೇರಿ ಅಂಗಡಿ ಇಟ್ಟ ಮೇಲೆ ನನಗೆ ಇಂಥದ್ದೊಂದು ಎದುರಾಗದ ವಾರವೇ ಇಲ್ಲ.

ನಮ್ಮದು ನೇಯುವವರ ಮನೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಕನ್ನಡ ಓದುವುದನ್ನು ನನಗೆ ಯಾರೂ ಕಲಿಸಲಿಲ್ಲ, ಲ್ಯಾಪ್‌ಟಾಪ್ ಬಿಚ್ಚುವುದನ್ನೂ ಯಾರೂ ಕಲಿಸಲಿಲ್ಲ. ಎರಡೂ ಬರುತ್ತವೆ. ನನ್ನ ಅಂಗಡಿ ಮೊದಲ ಮಹಡಿಯಲ್ಲಿದೆ. ಕೆಳಗೆ ಕಟ್ಟಡದ ಯಜಮಾನರ ಹೊಲಿಗೆ ದಾರದ ಅಂಗಡಿ. ಅವರನ್ನು ಬೀದಿಯವರೆಲ್ಲ ಅಯ್ಯ ಎನ್ನುತ್ತಾರೆ. ಬೀಗದ ಕೈ ಕೊಡುವಾಗಲೇ ಅಯ್ಯ ಹೇಳಿದ್ದರು: "ಅಮ್ಮಣಿ, ಹೆಂಗಸು ರಿಪೇರಿ ಅಂಗಡಿ ಇಡೋದನ್ನ ಈ ಬೀದಿ ನೋಡಿಲ್ಲ. ನಿನ್ನ ಮೇಲೆ ಒಂದು ದೂರು ನನ್ನ ಕಿವಿಗೆ ಬಿದ್ದರೂ ಖಾಲಿ ಮಾಡಬೇಕು."

"ಬೀಳಲಿ, ನೋಡೋಣ" ಎಂದೆ.

ಅಂದಿನಿಂದ ಮೆಟ್ಟಿಲು ಇಳಿದು ಬರುವ ಪ್ರತಿ ಗಿರಾಕಿಯನ್ನೂ ನಿಲ್ಲಿಸಿ "ಸರಿ ಮಾಡಿದಳಾ?" ಎಂದು ಕೇಳುವುದು ಅಯ್ಯನ ಎರಡನೇ ಕಸುಬಾಯಿತು.

ಗಟ್ಟಿ ಜಾಗ

ಒಂದು ಬನಿಯನ್ ಕಂಪನಿಯ ಸೂಪರ್‌ವೈಸರ್ ಲ್ಯಾಪ್‌ಟಾಪ್ ತಂದ. ಕೆಲಸದ ಮಧ್ಯೆ ಬಿಸಿಯಾಗಿ ತಾನೇ ಆರಿಹೋಗುತ್ತದಂತೆ. ಬಿಚ್ಚಿದೆ. ಫ್ಯಾನಿನೊಳಗೆ ಹತ್ತಿಯ ದೂಳು ಸೇರಿ ಸೇರಿ ಒಂದು ಪುಟ್ಟ ಹಾಸಿಗೆಯೇ ಆಗಿತ್ತು.

"ಇದನ್ನ ಎಲ್ಲಿ ಇಟ್ಟುಕೊಂಡು ಕೆಲಸ ಮಾಡ್ತೀಯಪ್ಪ?"

"ಕಟಿಂಗ್ ವೇಸ್ಟ್ ಮೂಟೆ ಮೇಲೆ ಅಕ್ಕಾ. ಮೆತ್ತಗಿರುತ್ತೆ."

"ಮೆತ್ತಗಿರೋದು ನಿನಗೆ ಬೇಕು, ಅದಕ್ಕಲ್ಲ. ತಳದಿಂದ ಗಾಳಿ ಎಳೆಯುತ್ತೆ ಅದು. ಗಟ್ಟಿಯಾಗಿ, ಸಮತಟ್ಟಾಗಿರೋ ಜಾಗದಲ್ಲಿಡು."

ಫ್ಯಾನ್ ಚೊಕ್ಕ ಮಾಡಿ ಕಳಿಸಿದೆ. ಮುಂದಿನ ವಾರ ಫೋನ್ ಬಂತು: ಮೊದಲಿಗಿಂತ ಹೆಚ್ಚು ಬಿಸಿ. ನನ್ನ ಕೆಲಸವನ್ನು ಯಾರಾದರೂ ಕೆಟ್ಟದ್ದೆಂದರೆ ನನಗೆ ಊಟ ಸೇರುವುದಿಲ್ಲ. ನಾನೇ ಹೋದೆ. ಲ್ಯಾಪ್‌ಟಾಪ್ ಇಸ್ತ್ರಿ ಮೇಜಿನ ಮೇಲಿತ್ತು. ಅದೇ ಮೇಜಿನ ಆ ತುದಿಯಲ್ಲಿ ಒಬ್ಬ ಹಬೆ ಬಿಟ್ಟು ಟೀ ಷರ್ಟ್ ಇಸ್ತ್ರಿ ಮಾಡುತ್ತಿದ್ದ.

"ನೀವೇ ಹೇಳಿದ್ರಲ್ಲ ಅಕ್ಕಾ, ಈ ಕಂಪನಿಯಲ್ಲಿ ಇದಕ್ಕಿಂತ ಗಟ್ಟಿ, ಇದಕ್ಕಿಂತ ಸಮ ಜಾಗ ಎಲ್ಲಿದೆ?"

ಒಂದು ಮಾತು ಒಪ್ಪಲೇಬೇಕು. ಅಷ್ಟು ಸುಕ್ಕಿಲ್ಲದ ಲ್ಯಾಪ್‌ಟಾಪನ್ನು ನಾನು ಬೇರೆಲ್ಲೂ ನೋಡಿಲ್ಲ.

ಪೂಜೆಯ ಮರುದಿನ

ಆಯುಧಪೂಜೆಯ ಮರುದಿನ ಬಟ್ಟೆ ರಫ್ತು ಮಾಡುವ ಕಂಪನಿಯ ಮುದಲಾಳಿ, ಅಂದರೆ ಯಜಮಾನರು, ಕರೆದರು. ಕ್ಯಾಮೆರಾ ಸತ್ತಿದೆ, ವಿದೇಶದ ಗಿರಾಕಿ ಇನ್ನೇನು ಕರೆಯುತ್ತಾನೆ, ಓಡಿ ಬಾ ಎಂದರು.

ಓಡಿದೆ. ಆಫೀಸಿನ ಕಂಪ್ಯೂಟರು, ಪ್ರಿಂಟರು, ತಕ್ಕಡಿ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿತ್ತು. ಲ್ಯಾಪ್‌ಟಾಪಿಗೆ ಪರದೆಯ ಮೇಲ್ಗಡೆ, ಸರಿಯಾಗಿ ನಡುವೆ, ಕ್ಯಾಮೆರಾದ ಕಣ್ಣಿನ ಮೇಲೆಯೇ. ಒರೆಸಲು ಬಟ್ಟೆ ತೆಗೆದೆ. ಮುದಲಾಳಿಯ ತಾಯಿ, ಎಲ್ಲರೂ ಪಾಟಿ ಎಂದು ಕರೆಯುವ ಅಜ್ಜಿ, ನನ್ನ ಕೈ ಹಿಡಿದರು.

"ಹಣೆಗೆ ಇಟ್ಟ ಕುಂಕುಮ ಒರೆಸ್ತಾರೇನಮ್ಮ? ನೀನೂ ಹೆಣ್ಣುಮಗಳಲ್ಲವಾ?"

"ಅದು ಹಣೆ ಅಲ್ಲ ಪಾಟಿ, ಕಣ್ಣು."

"ಹಣೆ ಇರೋ ಜಾಗದಲ್ಲೇ ಇದೆಯಲ್ಲ?"

ಮುದಲಾಳಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ತಾಯಿಯ ಎದುರು ಅವರು ಬಾಯಿ ಬಿಡುವವರಲ್ಲ. ನನಗೆ ಸೋತು ಅಭ್ಯಾಸವಿಲ್ಲ. ಅಂಗಡಿಗೆ ಹೋಗಿ ಬೇರೆ ಕ್ಯಾಮೆರಾ ತಂದು ಪಕ್ಕದಲ್ಲಿ ಸಿಕ್ಕಿಸಿದೆ. ಕರೆ ಬಂತು. ಚಿತ್ರ ಕನ್ನಡಿಯಂತೆ ಬಂತು. ಗಿರಾಕಿ ಹಲೋ ಎನ್ನುವಷ್ಟರಲ್ಲಿ ಗಂಧ ಮೆತ್ತಿದ ಒಂದು ಬೆರಳು ಹೊಸ ಕ್ಯಾಮೆರಾಕ್ಕೆ ಹತ್ತಿರ ಹತ್ತಿರ ಬಂದು ಎಲ್ಲ ಹಳದಿಯಾಯಿತು.

"ಹೊಸದಲ್ಲವಾ, ಇದಕ್ಕೂ ಇಡದೆ ಹೇಗೆ?" ಎಂದರು ಪಾಟಿ.

ಎರಡು ಮೌಸ್

ಸೂಲೂರಿನ ಒಂದು ಮಿಲ್ಲಿನ ಆಫೀಸಿಗೆ ಪ್ರಿಂಟರ್ ನೋಡಲು ಹೋಗಿದ್ದೆ. ಅಲ್ಲಿ ಇಬ್ಬರು ವಯಸ್ಸಾದ ಗುಮಾಸ್ತರು ಎದುರುಬದುರು ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬರು ಹೇಳಿದರು: "ಅಣ್ಣಾ, ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಹಾಂ, ಈಗ ಒತ್ತಿ." ಮತ್ತೊಬ್ಬರು ಒತ್ತಿದರು. ಆಮೇಲೆ ಒತ್ತಿದವರು ಹೇಳಿದರು: "ಈಗ ನನ್ನದು. ಬಲಗಡೆ ತಗೊಳ್ಳಿ ತಮ್ಮಾ."

ಕೇಳಿದೆ. ತಂತಿಯಿಲ್ಲದ ಹೊಸ ಮೌಸ್ ಬಂದಂದಿನಿಂದ ಹೀಗೆಯೇ ಅಂತೆ. ಇವರ ಮೌಸ್ ಆಡಿಸಿದರೆ ಅವರ ಬಾಣ ಓಡುತ್ತದೆ, ಅವರದು ಆಡಿಸಿದರೆ ಇವರದು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ತುಂಡುಗಳು ಅದಲುಬದಲಾಗಿದ್ದವು, ಅಷ್ಟೇ. ಕಿತ್ತು ಬದಲಿಸಿದೆ.

ಇಬ್ಬರೂ ತಮ್ಮ ತಮ್ಮ ಮೌಸ್ ಆಡಿಸಿ ನೋಡಿದರು. ಆಫೀಸು ಗಪ್‌ಚಿಪ್ಪಾಯಿತು. ಬಾಗಿಲವರೆಗೆ ಬಂದಿದ್ದೆ, ಹಿರಿಯರು ಕರೆದರು: "ಅಮ್ಮಣಿ, ನಾವಿಬ್ಬರು ಮಾತು ಬಿಟ್ಟು ಬಹಳ ಕಾಲ ಆಗಿತ್ತು. ಮೌಸ್ ಬಂದ ಮೇಲೇ ಮಾತಾಡ್ತಿದ್ದದ್ದು. ಮೊದಲಿದ್ದ ಹಾಗೇ ಮಾಡಿಬಿಡು."

ಮೆಣಸಿನಕಾಯಿ

ಅಯ್ಯನಿಗೂ ಒಂದು ಲ್ಯಾಪ್‌ಟಾಪಿದೆ, ಧಾರಾವಾಹಿ ನೋಡಲು. ಅದರ ಚಾರ್ಜರ್ ತಂತಿ ಕತ್ತಿನಲ್ಲಿ ಮುರಿದು, ಟೇಪ್ ಸುತ್ತಿಕೊಂಡು, ದಾರದ ಉಂಡೆಯ ಕೆಳಗೆ ಒತ್ತಿಟ್ಟರೆ ಮಾತ್ರ ಕೆಲಸ ಮಾಡುತ್ತಿತ್ತು. ಹೊಸದು ತಗೊಳ್ಳಿ ಎಂದರೆ "ನಿನಗೆ ವ್ಯಾಪಾರ ಆಗಲಿ ಅಂತ ಹೇಳ್ತೀಯ" ಎನ್ನುತ್ತಿದ್ದರು.

ಬಟ್ಟೆಗೆ ಲೇಬಲ್ ಮುದ್ರಿಸುವ ಅಣ್ಣನೊಬ್ಬರು ಲ್ಯಾಪ್‌ಟಾಪಿನ ಕೀಲು ಮುರಿದಿದೆ ಎಂದು ತಂದುಕೊಟ್ಟಿದ್ದರು. ಕೀಲು ಹಾಕಿ, ಚಾರ್ಜರ್ ಸಮೇತ ಕೆಳಗೆ ಅಯ್ಯನ ಬಳಿ ಇಟ್ಟು ನಾನು ಊಟಕ್ಕೆ ಹೋದೆ. ಅಣ್ಣ ಅಲ್ಲಿಂದ ತೆಗೆದುಕೊಂಡು ಹೋದರು. ಮರುದಿನ ಬೆಳಗ್ಗೆಯೇ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಒಳ್ಳೆ ಚಾರ್ಜರ್ ಇಟ್ಟುಕೊಂಡು ಕೆಟ್ಟದ್ದು ಕೊಟ್ಟಿದ್ದಾಳೆ ಈಯಮ್ಮ."

ಅಯ್ಯ ಮೇಲೆ ಬಂದರು. "ದೂರು ಬಂತು ಅಮ್ಮಣಿ. ಮಾತು ಅಂದರೆ ಮಾತು. ತಿಂಗಳ ಕೊನೆಗೆ ಖಾಲಿ ಮಾಡು."

ಅಣ್ಣ ತಂದ ಚಾರ್ಜರನ್ನು ಕೈಗೆತ್ತಿಕೊಂಡೆ. ಕತ್ತಿನಲ್ಲಿ ಟೇಪ್ ಇರಲಿಲ್ಲ. ಆದರೆ ಟೇಪಿನ ಅಂಟು ಇತ್ತು. ಅಂಟಿನ ಮೇಲೆ ಕೆಂಪು, ನೀಲಿ, ಹಸಿರು ಹೊಲಿಗೆ ದಾರದ ಎಳೆಗಳು ಮೆತ್ತಿಕೊಂಡಿದ್ದವು.

ಅಯ್ಯನನ್ನು ನೋಡಿದೆ. ಅವರು ಫ್ಯಾನನ್ನು ನೋಡುತ್ತಿದ್ದರು. ನಾನು ಬಾಯಿ ಬಿಟ್ಟು ಹೇಳಿದ್ದರೆ ಈ ಬೀದಿಯಲ್ಲಿ ಯಾರ ಮಾತು ನಿಲ್ಲುತ್ತಿತ್ತು ಎಂದು ನನಗೆ ಗೊತ್ತು. ಹಾಗಂತ ಮಾಡದ ಕಳ್ಳತನ ಹೊತ್ತು ಖಾಲಿ ಮಾಡುವವಳೂ ನಾನಲ್ಲ.

"ಅಣ್ಣಾ, ಆನೈಮಲೈಗೆ ಹೋಗೋಣ. ಮಾಸಾಣಿ ಅಮ್ಮನ ಗುಡಿಯಲ್ಲಿ ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಬಳಿಯೋಣ. ಕದ್ದವರ ಮೈ ಉರಿಯಲಿ. ನೀವು ಚಾರ್ಜರಿಗೆ ಅರೀರಿ, ನಾನು ನನ್ನ ಹೆಸರಿಗೆ ಅರೀತೀನಿ. ಸಾಕ್ಷಿಗೆ ಅಯ್ಯ ಬರಲಿ."

"ನನಗೆ ಬಸ್ಸಲ್ಲಿ ತಲೆ ಸುತ್ತುತ್ತೆ" ಎಂದರು ಅಯ್ಯ.

"ದೊಡ್ಡವರು ಇಲ್ಲದೆ ಹೇಗೆ ಅಯ್ಯಾ?" ಎಂದರು ಲೇಬಲ್ ಅಣ್ಣ, ಪಾಪ, ಭಕ್ತಿಯಿಂದಲೇ.

ಮೂವರೂ ಬಸ್ಸು ಹತ್ತಿದೆವು. ಪೊಳ್ಳಾಚಿ ದಾಟಿತು. ತೆಂಗಿನ ತೋಟಗಳು ಶುರುವಾದ ಮೇಲೆ ಅಯ್ಯ ಮೆಲ್ಲಗೆ ಕೇಳಿದರು: "ಅಮ್ಮಣಿ, ಕೈತಪ್ಪಿ ತೆಗೆದುಕೊಂಡವರಿಗೂ ಉರಿಯುತ್ತಾ?"

"ಅರೆದು ನೋಡೋಣ ಅಯ್ಯಾ."

ಗುಡಿಯಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತೆ. ಸೆರಗು ಸಿಕ್ಕಿಸಿ ಅರೆಯತೊಡಗಿದೆ. ಲೇಬಲ್ ಅಣ್ಣ ಎರಡು ಸುತ್ತು ತಿರುಗಿಸಿ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ. ನುಣ್ಣಗಾದ ಕೆಂಪು ಮುದ್ದೆಯನ್ನು ಅಂಗೈಯಲ್ಲಿ ತುಂಬಿಕೊಂಡು ಎದ್ದೆ. ನ್ಯಾಯದ ಕಲ್ಲಿಗೆ ಕೈ ತಾಗಬೇಕು, ಅಷ್ಟರಲ್ಲಿ ಅಯ್ಯ ಅಡ್ಡ ಬಂದು ನಿಂತರು. ಹಣೆಯೆಲ್ಲ ಬೆವರು.

"ಬಳಿಯಬೇಡ ಅಮ್ಮಣಿ. ಚಾರ್ಜರ್ ನಮ್ಮ ಮನೇಲಿದೆ. ಧಾರಾವಾಹಿ ಕೊನೇ ಭಾಗ ಇತ್ತು."

ನಾನು ಕೈ ಇಳಿಸಲಿಲ್ಲ.

"ದೂರು ಕಿವಿಗೆ ಬಿದ್ದರೆ ಖಾಲಿ ಮಾಡಬೇಕು ಅಂದಿದ್ರಲ್ಲ ಅಯ್ಯಾ. ಈಗ ಹೇಳಿ, ಯಾರು ಖಾಲಿ ಮಾಡೋಣ?"

"ಮೊದಲು ಆ ಕೈ ತೊಳಿಯಮ್ಮ. ಆಮೇಲೆ ಮಾತಾಡೋಣ."

ತೊಳೆಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅಯ್ಯ ತಿರುಪ್ಪೂರಿನವರೆಗೂ ನಿಂತೇ ಬಂದರು.