ಶಂಶಾಬಾದಿನ ಚುಕ್ಕೆ ಕೆಂಪಾಯಿತು

ಕಾರ ಹುಣ್ಣಿಮೆಯ ಮರುದಿನ, ಭೂಗೋಳದ ಮಾಸ್ತರು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಇಂಡಿಯಾದ ನಕ್ಷೆ ಬಿಡಿಸುತ್ತಿದ್ದಾಗ ನಾನು ಒಂಬತ್ತನೇ ಇಯತ್ತೆಯಿಂದ ಎದ್ದು ನಡೆದೆ. ಅವರು ನಕ್ಷೆ ಮುಗಿಸುವಷ್ಟರಲ್ಲಿ ಕೊಪ್ಪಳದ ಸ್ಟೇಷನ್ನಿನಲ್ಲಿದ್ದೆ. ಆಮೇಲೆ ಊರು ಬದಲಾದವು, ಕೆಲಸ ಬದಲಾದವು. ಎದೆ ಡವಡವ ಅನ್ನಿಸುವ ಪ್ರಸಂಗಗಳು ಮಾತ್ರ ನಾನು ಹೋದಲ್ಲೆಲ್ಲ ನನಗಿಂತ ಮೊದಲೇ ಬಂದು ಕೂತಿರುತ್ತವೆ.

ಹೈದರಾಬಾದಿನ ನಾರಾಯಣಗೂಡದಲ್ಲಿ ಅಕ್ಕ ಇದ್ದಾಳೆ. ಭಾವ ತಮ್ಮ ಗುರುತಿನವರ ಆಫೀಸಿಗೆ ನನ್ನನ್ನು ಸೇರಿಸಿದರು. ಕುರ್ಚಿ ಬಿಟ್ಟು ಏಳದೆ ಊರವರ ಕಂಪ್ಯೂಟರ್ ರಿಪೇರಿ ಮಾಡುವ ಕೆಲಸ. ಅದಕ್ಕೊಂದು ಸಾಫ್ಟ್‌ವೇರ್ ಉಂಟು. ಅತ್ತ ಕಡೆಯವರು ಪರದೆಯ ಮೇಲಿನ ನಂಬರ್ ಓದಿ ಹೇಳಿದರೆ ಸಾಕು, ಅವರ ಕಂಪ್ಯೂಟರ್ ನನ್ನ ಪರದೆಯೊಳಗೆ ಬಂದು ಕೂರುತ್ತದೆ.

ಮೊದಲ ದಿನವೇ ಅಕ್ಕ ಎಚ್ಚರಿಸಿದಳು: "ನೀನಾಗೇ ಓಡಿ ಹೋದ್ರ ಅದು ನಿನ್ನ ಚಟ ಅಂತ ಸುಮ್ಮನಿರತೀನಿ. ಅವ್ರು ಓಡಿಸಿದ್ರ ನಿಮ್ಮ ಭಾವನ ಮರ್ಯಾದಿ ಹೋಗತೈತಿ. ಮತ್ತ ಈ ಮನಿಗೆ ಬರಬ್ಯಾಡ."

ಅಂದಿನಿಂದ ಫೋನ್ ರಿಂಗಾದರೆ ದೂರೇ ಬಂತು ಅಂದುಕೊಂಡು ಎತ್ತುತ್ತಿದ್ದೆ.

ಬಟ್ಟಲೊಳಗಿನ ಜೀವ

ಸುಲ್ತಾನ್ ಬಜಾರಿನ ಸೀರೆ ಅಂಗಡಿಯ ಗಲ್ಲಾದಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿ ಕೂರುತ್ತಿದ್ದರು. ಬಿಲ್ಲು ಪ್ರಿಂಟ್ ಆಗುತ್ತಿಲ್ಲ ಅಂತ ಫೋನ್ ಮಾಡಿದರು. ನಂಬರ್ ಕೇಳಿ, ಒಳಹೊಕ್ಕು, ಅವರ ಪರದೆಯ ಮೇಲಿನ ಬಾಣದ ಗುರುತನ್ನು ಆಡಿಸತೊಡಗಿದೆ.

"ತಮ್ಮಾ, ಏನೋ ಓಡ್ಯಾಡಾಕತ್ತೈತಿ!" ಅಂತ ಚೀರಿದರು.

"ಅದು ನಾನೇ ರೀ ಅಜ್ಜಿ."

"ನೀ ನಾರಾಯಣಗೂಡದಾಗ ಅದಿ. ಇದು ಇಲ್ಲೈತಿ. ಸುಳ್ಳು ಹೇಳಬ್ಯಾಡ!"

ಠಣ್ ಅಂತ ಸದ್ದಾಯಿತು. ನಾನು ಕೆಲಸ ಮುಂದುವರಿಸಿದೆ. ಅತ್ತಲಿಂದ ಏದುಸಿರು ಕೇಳಿಸುತ್ತಿತ್ತು. ಅಜ್ಜಿಗೆ ಏನಾದರೂ ಆದರೆ ದೂರು ನನ್ನ ಮೇಲೇ. "ಅಜ್ಜಿ, ಆರಾಮ ಅದೀರಿ?" ಅಂದೆ.

"ನೀ ಹೆದರಬ್ಯಾಡಪಾ. ಮೌಸಿನ ಮ್ಯಾಲೆ ಸ್ಟೀಲಿನ ಬಟ್ಟಲ ಬೋರಲ ಹಾಕಿ ಎರಡೂ ಕೈಲೆ ಒತ್ತಿ ಹಿಡದೀನಿ. ನನ್ನ ಮಗ ಬರೂತನಕ ಬಿಡಂಗಿಲ್ಲ!"

ಕಳ್ಳನಲ್ಲ ಎಂಬುದಕ್ಕೆ ಪುರಾವೆ

ಕೋಚಿಂಗ್ ಸೆಂಟರಿನ ಮೇಷ್ಟ್ರೊಬ್ಬರು ಮೈಸೂರಿನವರು. ಅವರ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಆದರೆ ನಂಬರ್ ಹೇಳಲು ಒಲ್ಲೆ ಅಂದರು. ಹೀಗೇ ನಂಬರ್ ಕೇಳಿ ಖಾತೆ ಗುಡಿಸುವ ಕಳ್ಳರ ಸುದ್ದಿಯನ್ನು ಅವರು ದಿನಾ ಓದುತ್ತಿದ್ದರಂತೆ. ಅವರಿಗೆ ನನ್ನ ಹೆದರಿಕೆ, ನನಗೆ ಅವರ ದೂರಿನ ಹೆದರಿಕೆ.

"ನಿಮ್ಮ ಧ್ವನಿ ಯಾಕ್ರೀ ನಡುಗ್ತಿದೆ?" ಅಂದರು.

"ನಂದು ಯಾವಾಗಲೂ ಹಿಂಗs ಸರ್."

"ಎಲ್ಲಿವರೆಗೆ ಓದಿದೀರಿ? ನಿಜ ಹೇಳಿ."

ಇನ್ನು ಮುಗಿಯಿತು ಅಂದುಕೊಂಡು, "ಒಂಬತ್ತನೇತ್ತಾ ಅರ್ಧಕ್ಕ ಬಿಟ್ಟೀನಿ ಸರ್" ಅಂದೆ.

ಅವರು ನೆಮ್ಮದಿಯ ಉಸಿರು ಬಿಟ್ಟರು. "ಹಾಗಾದ್ರೆ ಕಳ್ಳ ಅಲ್ಲ ಬಿಡಿ. ಅವರೆಲ್ಲ ನಮ್ಮಲ್ಲೇ ಕೋಚಿಂಗ್ ತಗೊಂಡವರ ಥರ ಮಾತಾಡ್ತಾರೆ. ನಂಬರ್ ಬರ್ಕೊಳ್ಳಿ."

ಶಂಶಾಬಾದಿನ ಚುಕ್ಕೆ

ಗಿರಾಕಿಗಳ ಸರ್ವರ್‌ಗಳೆಲ್ಲ ನಮ್ಮ ಪರದೆಯ ಒಂದು ಮೂಲೆಯಲ್ಲಿ ಹಸಿರು ಚುಕ್ಕೆಗಳಾಗಿ ಹೊಳೆಯುತ್ತವೆ. ಯಾವುದಾದರೂ ಬಂದ್ ಆದರೆ ಅದರ ಚುಕ್ಕೆ ಕೆಂಪಾಗುತ್ತದೆ. ಶಂಶಾಬಾದಿನಲ್ಲಿ, ವಿಮಾನಕ್ಕೆ ಹೂವು ಹಣ್ಣು ಕಳಿಸುವ ಗೋದಾಮಿನ ಸರ್ವರ್ ನನ್ನ ಪಾಲಿಗಿತ್ತು. ಅಲ್ಲಿನ ಬಾಗಿಲು, ಕ್ಯಾಮೆರಾ ಎಲ್ಲ ಅದರ ಮಾತು ಕೇಳುತ್ತವೆ.

ಒಂದು ಮಧ್ಯಾಹ್ನ ಅದರೊಳಗೆ ಕೆಲಸ ಮುಗಿಸಿದೆ. ಊಟಕ್ಕೆ ಹೋಗುವ ಮುಂಚೆ ನನ್ನ ಕಂಪ್ಯೂಟರ್ ಬಂದ್ ಮಾಡೋಣ ಅಂತ ಪರದೆಯ ಮೇಲಿನ ಗುಂಡಿ ಒತ್ತಿದೆ. ನನ್ನದು ಗುಂಯ್ ಅನ್ನುತ್ತಲೇ ಇತ್ತು. ಶಂಶಾಬಾದಿನ ಚುಕ್ಕೆ ಕೆಂಪಾಯಿತು. ಪರದೆ ತುಂಬ ಅವರ ಕಿಟಕಿ ತೆರೆದಿಟ್ಟು, ನನ್ನದೆಂದು ಅವರದನ್ನು ಬಂದ್ ಮಾಡಿದ್ದೆ.

ದೂರದಿಂದ ಆರಿಸಬಹುದು, ಆ ಗೋದಾಮಿನದನ್ನು ದೂರದಿಂದ ಹೊತ್ತಿಸಲು ಬರುವುದಿಲ್ಲ. ಯಾರಾದರೂ ಆ ಕೋಣೆಗೆ ಹೋಗಿ ಗುಂಡಿ ಒತ್ತಬೇಕು. ಕೋಣೆಯ ಬಾಗಿಲು ತೆರೆಯಬೇಕಾದರೆ ಸರ್ವರ್ ನಡೆಯುತ್ತಿರಬೇಕು. ಗೋದಾಮಿನ ಮ್ಯಾನೇಜರ್ ಸಾಹೇಬರು ಬಾಗಲಕೋಟಿಯವರು; ಅವರಿಗೆ ಫೋನ್ ಹಚ್ಚಿದೆ.

"ಮೆಲ್ಲಕ ಮಾತಾಡೋ," ಅಂತ ಪಿಸುಗುಟ್ಟಿದರು. "ಸರ್ವರ್ ರೂಮಿನಾಗ ಸಿಕ್ಕೊಂಡೀನಿ. ಬಾಗಲಾ ತಗೀವಲ್ದು."

"ಒಳಗ ಯಾಕ ಹೋಗಿದ್ರಿ ಸರ್?"

"ತಪಾಸಣಿಗೆ." ಸ್ವಲ್ಪ ತಡೆದು, "ತಪಾಸಣಿ ಮಾಡ್ತಾ ಏಸಿ ಗಾಳಿಗಿ ಕಣ್ಣು ಹತ್ತಿತು. ಎದ್ದು ನೋಡತೀನಿ, ಮಶೀನು ಉಸಿರು ನಿಲ್ಲಿಸೈತಿ. ಹೊರಗ ಲಾರಿಯವ್ರು ಬಾಗಲಾ ಬಡೀಲಾಕತ್ಯಾರ. ಹೆದರಿಕಿ ಆಗತೈತೋ!"

ಅವರು ಒಳಗಿದ್ದದ್ದು ನನ್ನ ಪುಣ್ಯ. "ಕರಿ ಡಬ್ಬಿ ಮುಂದ ಗುಂಡಿ ಐತಿ ಸರ್, ಒತ್ತರಿ."

"ಹುಚ್ಚ ಅದಿಯೇನು? ಮುಟ್ಟಿದವ್ರ ಕೆಲಸ ಹೋಗತೈತಿ ಅಂತ ಬೋರ್ಡ್ ಐತಿ."

"ಬೋರ್ಡ್ ಹಾಕ್ದವ್ರು ಯಾರ್ರಿ?"

"ನಾನs."

"ಹಂಗಾರ ಮುಟ್ಟರಲ್ಲ!"

"ಮ್ಯಾಲೆ ಕ್ಯಾಮೆರಾ ಐತೋ ಮಾರಾಯಾ!"

"ಸರ್ವರ್ ಬಂದ್ ಆದ್ರ ಕ್ಯಾಮೆರಾನೂ ಬಂದ್ ಸರ್."

"ನಾ ಮಲಗಿದ್ದು?"

"ಅದು ಬಂದ್ ಆಗೂದಕ್ಕಿಂತ ಮೊದಲಿಂದು. ಅದು ರೆಕಾರ್ಡಿಂಗಿನಾಗ ಇರತೈತಿ ಸರ್."

"ಅಳಿಸು. ನೀ ಅಳಿಸು, ಇದನ್ನ ಯಾರು ಬಂದ್ ಮಾಡಿದ್ರು ಅಂತ ನಾನೂ ಕೇಳಂಗಿಲ್ಲ." ಅಂದವರೇ ಗುಂಡಿ ಒತ್ತಿದರು. ಚುಕ್ಕೆ ಹಸಿರಾಯಿತು, ಬಾಗಿಲು ತೆರೆಯಿತು, ಹೂವು ವಿಮಾನ ಹತ್ತಿತು. ಆ ನಿದ್ದೆಯನ್ನು ನಾನು ಅಳಿಸಿದೆ.

ಮರುದಿನ ನಮ್ಮ ಮಾಲೀಕರು ಕರೆಸಿದರು. ಕಾಲು ಎಳೆಯುತ್ತ ಒಳಹೋದೆ. ಅವರು ನಗುತ್ತಿದ್ದರು. "ಏನಯ್ಯಾ, ಶಂಶಾಬಾದ್ ಸಾಹೇಬರು ನಿನ್ನನ್ನು ಸಿಕ್ಕಾಪಟ್ಟೆ ಹೊಗಳಿದಾರೆ. ಇಂಥಾ ನಂಬಿಕಸ್ಥ ಮನುಷ್ಯ ಕಣ್ಣ ಮುಂದೆಯೇ ಇರಬೇಕಂತೆ. ನಿನ್ನ ಕೆಲಸ ಖಾಯಂ. ಇನ್ನು ಮೇಲೆ ಅವರ ಸರ್ವರ್ ರೂಮಿನಲ್ಲೇ ಕೂತ್ಕೋ."

ಕಿಟಕಿಯಿಲ್ಲದ ಆ ಕೋಣೆ, ಜೀವನಪೂರ್ತಿ! ಓಡಿಸುತ್ತಾರೆ ಅಂತ ಇಷ್ಟು ದಿನ ಪಟ್ಟ ಭಯವೆಲ್ಲ ಸೇರಿದರೂ ಇದರ ಕಾಲುಭಾಗ ಆಗಲಿಲ್ಲ. ಮನೆಗೆ ಬಂದು ಅಂಗಿ ಪ್ಯಾಂಟು ಬ್ಯಾಗಿಗೆ ತುಂಬತೊಡಗಿದೆ. ಫೋನ್ ರಿಂಗಾಯಿತು. ಮ್ಯಾನೇಜರ್ ಸಾಹೇಬರು.

"ನಾಳೆ ಬಂದು ಹೆಬ್ಬೆರಳು ಕೊಡಪಾ. ಇನ್ನ ಮ್ಯಾಲೆ ಆ ಬಾಗಲಾ ನಿನ್ನ ಬೆರಳಿಗಷ್ಟs ತಗೀತೈತಿ!"

"ಆತ್ರಿ ಸರ್" ಅಂದೆ. ಬೆರಳು ಆಗಲೇ ಬ್ಯಾಗಿನ ಚೈನು ಎಳೆಯುತ್ತಿತ್ತು.